ನಾಲ್ಕು ಬೆರಳಿನ ಸೈನಿಕರು

ಮೇಜಿನ ಮೇಲಾಡುವ ಯುದ್ಧದಾಟಕ್ಕೆ ಹೆಬ್ಬೆರಳುದ್ದದ ಸೈನಿಕರನ್ನು ಮಾಡುವ ಆ ಕಂಪನಿ ಶುರುವಾದದ್ದು ಅಡುಗೆಮನೆಯ ಮೂಲೆಯಲ್ಲಿ. ಅಣ್ಣ ಕೆತ್ತುತ್ತಿದ್ದ, ತಮ್ಮ ಮಾರುತ್ತಿದ್ದ. ಮೊದಲ ವರ್ಷವೇ ಅಚ್ಚೊತ್ತುವ ಹಾಳು ಯಂತ್ರ ಅಣ್ಣನ ಎಡಗೈ ಕಿರುಬೆರಳನ್ನು ನುಂಗಿತು. ತನ್ನ ಕೈಯನ್ನೇ ನೋಡಿಕೊಂಡು ಕೆತ್ತುವವನಾದ್ದರಿಂದ ಆಮೇಲಿನ ಸೈನಿಕರಿಗೆಲ್ಲ ಎಡಗೈಯಲ್ಲಿ ನಾಲ್ಕೇ ಬೆರಳು. ಆ ಸೈನಿಕರು ದೇಶವಿದೇಶ ಸುತ್ತಿದರು. ಹನ್ನೆರಡು ವರ್ಷ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಕೆತ್ತಿದವನಿಗೂ ಅದು ಗೊತ್ತಿರಲಿಲ್ಲ.

ದೊಡ್ಡ ಕಾರ್ಖಾನೆ ಶುರುವಾದ ದಿನ ತಮ್ಮ ಬಂದು ಹೊಸ ಸೈನಿಕನೊಬ್ಬನನ್ನು ಅಣ್ಣನ ಅಂಗೈಯಲ್ಲಿಟ್ಟ.

"ಕಂಪ್ಯೂಟರಲ್ಲಿ ಬೆರಳು ಸರಿ ಮಾಡಿಸ್ದೆ ಅಣ್ಣಾ. ಇನ್ಮೇಲೆ ನಿಂಗೆ ಕೆತ್ತೋ ತಾಪತ್ರಯಾನೇ ಇಲ್ಲ."

ಅಣ್ಣ ಭೂತಗನ್ನಡಿ ಹಿಡಿದು ಎಣಿಸಿದ. ಐದಿದ್ದವು.

ಅಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ತಮ್ಮ ಬಗ್ಗಿ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ಅಣ್ಣಾ, ಆ ಕೈ ಸ್ವಲ್ಪ ಹಿಂದಕ್ಕಿಟ್ಕೋ."