ಕಿವಿಯಕ್ಕನ ಎರಡು ಡ್ರೈವರುಗಳು

ಕಿವಿಯಕ್ಕ ಮಾತಾಡುವಾಗ ಎದುರಿಗಿದ್ದವರ ಕಣ್ಣನ್ನು ನೋಡುತ್ತಿರಲಿಲ್ಲ, ಕಿವಿಯನ್ನು ನೋಡುತ್ತಿದ್ದರು. ಮೊದಲ ಸಲ ಭೇಟಿಯಾದವರಿಗೆ ಇದರಿಂದ ಕಸಿವಿಸಿಯಾಗುತ್ತಿತ್ತು. ಆಸ್ಪತ್ರೆಗೆ ಹೊಸದಾಗಿ ಬಂದ ಸೂಪರಿಂಟೆಂಡೆಂಟರು ಅವರ ಪರಿಚಯ ಮಾಡಿಕೊಂಡು ಹೊರಬಂದವರೇ ನೇರ ಕನ್ನಡಿಯ ಮುಂದೆ ಹೋಗಿ ನಿಂತು, ಕಿವಿಯಲ್ಲೇನಾದರೂ ಸೋಪಿನ ನೊರೆ ಉಳಿದಿದೆಯೇ ಎಂದು ಪರೀಕ್ಷಿಸಿಕೊಂಡರಂತೆ. ನೊರೆಯೇನೂ ಇರಲಿಲ್ಲ. ಅವರ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆಯೋ, ಬಿಡಿಯಾಗಿ ಜೋಲುತ್ತಿದೆಯೋ ಎಂದು ಅಕ್ಕ ಮನಸ್ಸಿನಲ್ಲೇ ಅಳೆಯುತ್ತಿದ್ದರು, ಅಷ್ಟೆ. ಆಯುಷ್ಯದ ಅರ್ಧವನ್ನು ಕೃತಕ ಕಿವಿ ಮಾಡುವುದರಲ್ಲೇ ಕಳೆದವರಿಗೆ ಮನುಷ್ಯನ ಮುಖವೆಂಬುದು ಎರಡು ಕಿವಿಗಳ ನಡುವಿನ ಖಾಲಿ ಜಾಗವಾಗಿ ತೋರಿದರೆ ಆಶ್ಚರ್ಯವಿಲ್ಲ.

ನಾನು ಅವರ ಪಕ್ಕದ ಕೋಣೆಯವನು. ಅವರದು ಕಿವಿ, ನನ್ನದು ಕಾಲು. ಅಪಘಾತದಲ್ಲೋ ಕಾಯಿಲೆಯಲ್ಲೋ ಅಂಗ ಕಳೆದುಕೊಂಡವರಿಗೆ ಬದಲಿ ಅಂಗ ಮಾಡಿಕೊಡುವ ನಮ್ಮ ವಿಭಾಗದಲ್ಲಿ ಇಬ್ಬರ ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು ಮಾತ್ರ. ನನ್ನ ಕಡೆ ಗರಗಸದ ಸದ್ದು, ಪ್ಲಾಸ್ಟರಿನ ಧೂಳು. ಅವರ ಕಡೆ ಕರಗಿದ ಮೇಣದ ವಾಸನೆ, ಲ್ಯಾಪ್‌ಟಾಪಿನ ಫ್ಯಾನಿನ ಗುಂಯ್‌ಗುಟ್ಟುವಿಕೆ. ನನ್ನನ್ನು ಅವರು ‘ಕಾಲಣ್ಣ’ ಎಂದು ಕರೆಯುತ್ತಿದ್ದರು. ಕಾಲಿನ ಕಸುಬಿನವನಾದ್ದರಿಂದ ಅವರ ನಡಿಗೆಯನ್ನು ನಾನು ಬಲ್ಲೆ: ಎಡಭುಜದಲ್ಲಿ ಲ್ಯಾಪ್‌ಟಾಪಿನ ಚೀಲ, ಆ ಭಾರಕ್ಕೆ ಎಡಕ್ಕೆ ವಾಲಿದ ಮೈ, ವಾಲಿದ್ದನ್ನು ಸರಿದೂಗಿಸಲು ಬಲಗಾಲು ಹಾಕುವ ಉದ್ದನೆಯ ಹೆಜ್ಜೆ, ದೂರದಿಂದ ನೋಡಿದರೆ ಯಾರದೋ ಜೊತೆ ಜಗಳಕ್ಕೆ ಹೊರಟವರ ಹಾಗೆ. ಮೈಮೇಲೆ ಹುಟ್ಟಿದಾಗ ಬಿಳಿಯದಾಗಿದ್ದ ಒಂದು ಕೋಟು. ಚರ್ಮದ ಬಣ್ಣಕ್ಕೆ ಹೊಂದುವಂತೆ ಬೆರೆಸಿದ ಬಣ್ಣಗಳನ್ನೆಲ್ಲ ಅದರ ತೋಳಿಗೇ ಒರೆಸಿ ಒರೆಸಿ, ನಮ್ಮ ಊರಿನಲ್ಲಿ ಎಷ್ಟು ಮೈಬಣ್ಣಗಳಿವೆಯೋ ಅಷ್ಟೂ ಆ ತೋಳಿನ ಮೇಲಿದ್ದವು. ಜೇಬಿನಲ್ಲಿ ಮೇಣ ಕೆತ್ತುವ ಚಾಕು, ಕನ್ನಡಕದ ಸ್ಕ್ರೂ ತಿರುಗಿಸುವಂಥ ಪುಟ್ಟ ಸ್ಕ್ರೂಡ್ರೈವರು.

ಆ ಸ್ಕ್ರೂಡ್ರೈವರಿಗೂ ಅವರ ಬಾಯಲ್ಲಿ ಸದಾ ಇದ್ದ ಒಂದು ಮಾತಿಗೂ ಬಿಡಿಸಲಾಗದ ನಂಟು. “ಒಳಗೇನಿದೆ?” ಎಂಬುದೇ ಆ ಮಾತು. ಹೊಸ ತೂಕದ ಯಂತ್ರ ಬಂದರೂ ಅದೇ ಪ್ರಶ್ನೆ, ಗೋಡೆ ಗಡಿಯಾರ ನಿಂತರೂ ಅದೇ ಪ್ರಶ್ನೆ. ಒಮ್ಮೆ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ ಉಳಿದವರೆಲ್ಲ ದೇವರನ್ನೂ ಗಂಟೆಯನ್ನೂ ನಂಬಿಕೊಂಡು ನಿಂತಿದ್ದರೆ ಅಕ್ಕ ಗುಂಡಿಗಳ ಫಲಕವನ್ನೇ ಬಿಚ್ಚಿ ಕೈಗೆ ತೆಗೆದುಕೊಂಡಿದ್ದರು. ಲಿಫ್ಟಿನ ಮೆಕ್ಯಾನಿಕ್ಕು ಬಂದು, “ನೀವು ಮುಟ್ಟಿದ್ದಕ್ಕೇ ಕೆಟ್ಟಿದ್ದು” ಎಂದು ಕೂಗಾಡಿದ. ಅದು ಪೂರ್ತಿ ಸುಳ್ಳೂ ಅಲ್ಲ. ಮಾರನೆಯ ದಿನ ಕೆಟ್ಟದ್ದು ಅದಕ್ಕೇ.

ಇಂಥವರ ಕೈಗೆ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣಾ ತಂತ್ರಾಂಶ ಸಿಕ್ಕಿದ್ದು ವಿಧಿಲಿಖಿತವೇ ಇರಬೇಕು. ಅವರ ಲ್ಯಾಪ್‌ಟಾಪು ಓಡುತ್ತಿದ್ದುದು ಅದರ ಮೇಲೆ. ಕಿವಿಯನ್ನು ಅವರು ಮೊದಲು ಕೆತ್ತುತ್ತಿದ್ದುದೂ ಆ ಪರದೆಯ ಮೇಲೆಯೇ. ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಒಂದು ಚಿಪ್ಪು ಇರುತ್ತದಂತೆ. ಅದನ್ನು ದುಡಿಸಿಕೊಳ್ಳುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರಿನಲ್ಲಿ ಎರಡು ಜಾತಿ. ಚಿಪ್ಪು ಮಾಡಿದ ಕಂಪನಿಯೇ ಕೊಡುವುದು ಒಂದು: ಅದನ್ನು ಹಾಕಿದರೆ ಪರದೆಯ ಮೇಲಿನ ಕಿವಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ, ಆದರೆ ಒಳಗೇನಿದೆ ಎಂದು ಯಾರೂ ಕೇಳುವ ಹಾಗಿಲ್ಲ. ಇನ್ನೊಂದು, ಆಸಕ್ತರು ಕೂಡಿ ಬರೆದು ಎಲ್ಲರಿಗೂ ಬಿಚ್ಚಿಟ್ಟಿರುವುದು: ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಆದರೆ ಅದರಲ್ಲಿ ಕಿವಿ ಮುಗ್ಗರಿಸುತ್ತ ತಿರುಗುತ್ತದೆ. ಇಂಥ ಇಬ್ಬಂದಿಯಲ್ಲಿ ಜಾಣರು ಒಂದನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ಅಕ್ಕ ಎರಡನ್ನೂ ಇಟ್ಟುಕೊಂಡು ಏಗುತ್ತಿದ್ದರು. ಕೆತ್ತನೆಯ ದಿನ ಬಂತೆಂದರೆ ಮುಚ್ಚಿದ ಡ್ರೈವರನ್ನು ಹಾಕುವರು. ಕೆತ್ತನೆ ಮುಗಿಯಿತೆಂದರೆ ಅದೇ ಸಂಜೆ ಅದನ್ನು ಬೇರುಸಹಿತ ಕಿತ್ತು ತೆರೆದದ್ದನ್ನು ಮರಳಿ ಕೂರಿಸುವರು. ನಾಳೆ ಮತ್ತೆ ಬೇಕಾಗುತ್ತದೆಂದು ಗೊತ್ತಿದ್ದರೂ ಸರಿಯೇ.

“ಇರಲಿ ಬಿಡಿ ಅಕ್ಕ, ಅದೇನು ಅನ್ನ ಕೇಳುತ್ತಾ?” ಎಂದು ನಾನೆಷ್ಟೋ ಸಲ ಹೇಳಿದ್ದೇನೆ.

“ಮನೇಲಿ ಒಂದು ರೂಮಿಗೆ ಬಾಡಿಗೆಯವನು ಬೀಗ ಹಾಕ್ಕೊಂಡು ಕೂತಿದ್ದರೆ ನಿಮಗೆ ನಿದ್ದೆ ಬರುತ್ತಾ, ಕಾಲಣ್ಣ? ಕೆಲಸಕ್ಕೆ ಬರಲಿ, ಮುಗಿಸಿ ಹೋಗಲಿ.”

ಮನೆಯಲ್ಲೂ ಇದೇ ರಾಮಾಯಣ. ಸೊಸೆ ಫೋನಿನಲ್ಲಿ ದಿನವೂ ‘ಆ ಡ್ರೈವರ್ ತೆಗೆದೆ, ಈ ಡ್ರೈವರ್ ಹಾಕಿದೆ’ ಎನ್ನುವುದನ್ನು ಕೇಳಿಸಿಕೊಂಡ ಅವರ ಅತ್ತೆ, “ಅಲ್ಲವೇ, ನಮ್ಮನೇಲಿ ಕಾರೇ ಇಲ್ಲ. ಪಾಪ, ಯಾರ ಹೊಟ್ಟೆ ಮೇಲೆ ದಿನಾ ಹೊಡೀತಿದ್ದೀಯ?” ಎಂದು ಕೇಳಿದರಂತೆ. ಇದನ್ನು ಅಕ್ಕನೇ ನನಗೆ ಹೇಳಿ, ನಗುತ್ತ ನಗುತ್ತ ಕೋಟಿನ ತೋಳಿಗೆ ಕಣ್ಣು ಒರೆಸಿಕೊಂಡಿದ್ದರು.

ಆದರೆ ಈ ಹಟ ಬರೀ ಹುಚ್ಚಲ್ಲ; ಅದಕ್ಕೊಂದು ಹಿನ್ನೆಲೆಯಿತ್ತು. ಸಿಲಿಕೋನಿನ ಕಿವಿ ಶಾಶ್ವತವಲ್ಲ. ಬಿಸಿಲಿಗೆ, ಬೆವರಿಗೆ ಎರಡು ಮೂರು ವರ್ಷದಲ್ಲಿ ಬಣ್ಣಗೆಟ್ಟು ಅಂಚು ಹರಿಯುತ್ತದೆ, ಮತ್ತೆ ಮಾಡಿಸಿಕೊಳ್ಳಬೇಕು. ಹಿಂದೆ ನಮ್ಮಲ್ಲಿ ಬೇರೊಂದು ಕಂಪನಿಯ ತಂತ್ರಾಂಶವಿತ್ತು. ಆ ಕಂಪನಿ ಒಂದು ದಿನ ಬಾಗಿಲು ಹಾಕಿಕೊಂಡಿತು, ಅದರ ಜೊತೆಗೆ ನಮ್ಮ ರೋಗಿಗಳ ಕಿವಿಗಳೆಲ್ಲ ಒಳಗೇ ಉಳಿದವು. ಯಾವ ಫೈಲೂ ತೆರೆಯಲಿಲ್ಲ. ಹಳೆಯದು ಹರಿದು ಎರಡನೆಯ ಕಿವಿಗೆಂದು ಬಂದ ಒಬ್ಬ ಬಸ್ ಕಂಡಕ್ಟರು ವಿಷಯ ಕೇಳಿ, “ನನ್ನ ಕಿವೀನೇ ನನಗೆ ಕೊಡಲ್ವಾ?” ಎಂದು ಕೇಳಿದ. ಅವನಿಗೆ ಮೊದಲಿನಿಂದ ಎಲ್ಲ ಮಾಡಿಕೊಡಬೇಕಾಯಿತು, ಮತ್ತು ಎರಡನೆಯದು ಮೊದಲಿನಷ್ಟು ಒಪ್ಪಲಿಲ್ಲ. ಅಕ್ಕ ಆ ಮಾತನ್ನು ಮರೆಯಲಿಲ್ಲ. ಅಂದಿನಿಂದ ಕಿವಿ ಕೂರಿಸಿ ಕಳಿಸುವಾಗ ಅದರ ಫೈಲನ್ನು ಯಾವ ಯಂತ್ರದಲ್ಲಾದರೂ ತೆರೆಯುವಂತೆ ಒಂದು ಪೆನ್‌ಡ್ರೈವಿಗೆ ಹಾಕಿ, ಬಣ್ಣ ಬೆರೆಸಿದ ಪ್ರಮಾಣವನ್ನೂ ಬರೆದು ರೋಗಿಯ ಕೈಗೇ ಕೊಡುತ್ತಿದ್ದರು. “ಇದು ನಿಮ್ಮ ಕಿವಿ. ನಾನಿಲ್ಲದಿದ್ದರೂ ಯಾರಾದರೂ ಮಾಡಿಕೊಡಲಿ.” ಫೈಲು ತೆರೆದಿದ್ದರೆ ಸಾಲದೇ, ಡ್ರೈವರಿನ ಮೇಲೇಕೆ ಸಿಟ್ಟು ಎಂದು ತರ್ಕ ಹೂಡಿದರೆ ಮಾತ್ರ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ವರ್ಷ ಶಾಲೆ ಶುರುವಾಗುವ ಮುಂಚೆ ಒಬ್ಬರು ಟೀಚರಮ್ಮ ಬಂದಿದ್ದರು. ಗಡ್ಡೆಯೊಂದರ ದೆಸೆಯಿಂದ ವೈದ್ಯರು ಅವರ ಬಲಗಿವಿಯನ್ನು ತೆಗೆದುಹಾಕಿದ್ದರು. ದಪ್ಪ ಗಾಜಿನ, ಭಾರದ ಕನ್ನಡಕ. ಅದು ನಿಲ್ಲಲು ಒಂದು ಕಡೆ ಕಿವಿಯೇ ಇಲ್ಲ. ತಲೆಯ ಸುತ್ತ ದಾರ ಕಟ್ಟಿಕೊಂಡು ಕೆಲವು ದಿನ ಪಾಠ ಮಾಡಿ, ಆಮೇಲೆ ರಜೆ ಹಾಕಿದ್ದರಂತೆ. “ಮಕ್ಕಳು ನಗಲ್ಲ,” ಎಂದರು ಮೊದಲ ದಿನವೇ. “ನಗದೇ ಇರೋಕೆ ಕಷ್ಟಪಡ್ತಾವಲ್ಲ, ಅದನ್ನ ನೋಡೋಕಾಗಲ್ಲ.” ಸೋಮವಾರ ಶಾಲೆ ತೆರೆಯುವುದು. ಅಷ್ಟರಲ್ಲಿ ಕಿವಿ ಆಗದಿದ್ದರೆ ಈ ವರ್ಷವೂ ರಜೆ ಮುಂದುವರಿಸುತ್ತೇನೆ, ಆಮೇಲೆ ಹೋಗುವ ಧೈರ್ಯ ಇರುತ್ತದೋ ಇಲ್ಲವೋ ಎಂದರು. ಅಕ್ಕ ಅವರ ಎಡಗಿವಿಯನ್ನೇ ನೋಡುತ್ತ, “ಸೋಮವಾರ ದಾರ ಕಟ್ಟಲ್ಲ ನೀವು” ಎಂದಿದ್ದರು.

ಎಡಗಿವಿಯನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಕನ್ನಡಿಯ ಬಿಂಬದಂತೆ ಮಗುಚಿ, ಬಲಬದಿಯ ಗಾಯದ ಗುರುತಿಗೆ ಹೊಂದುವಂತೆ ಕೆತ್ತಿ, ಗುರುವಾರ ಸಂಜೆಗೆ ಒಂದು ಪರೀಕ್ಷೆಯ ಕಿವಿಯನ್ನು ಮೂರು ಆಯಾಮದ ಪ್ರಿಂಟರಿನಲ್ಲಿ ತೆಗೆದದ್ದಾಯಿತು. ಕೆತ್ತನೆ ಮುಗಿಯಿತೆಂದು ಅಕ್ಕ ವಾಡಿಕೆಯಂತೆ ಮುಚ್ಚಿದ ಡ್ರೈವರನ್ನು ಕಿತ್ತುಹಾಕಿ, ಲ್ಯಾಪ್‌ಟಾಪು ಆರಿಸಿ ಮನೆಗೆ ಹೋದರು. ಶುಕ್ರವಾರ ಬೆಳಿಗ್ಗೆ ಟೀಚರಮ್ಮ ಬಂದು ಕೂತರು. ಹಿಂದೆಯೇ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗೆ ಕೂರಿಸಿದ್ದ ಪುಟ್ಟ ಆಯಸ್ಕಾಂತಗಳ ಮೇಲೆ ಪರೀಕ್ಷೆಯ ಕಿವಿ ಟಕ್ಕೆಂದು ಕೂತಿತು. ಕನ್ನಡಕ ಹಾಕಿಕೊಂಡು ತಲೆ ಬಗ್ಗಿಸಿದರೆ ಕಡ್ಡಿ ಜಾರಿ ಕನ್ನಡಕ ಮಡಿಲಿಗೆ ಬಿತ್ತು. ಕಡ್ಡಿ ಕೂರಲೆಂದು ಕಿವಿಯ ಹಿಂದೆ ತೋಡಿದ ಚಡಿಗೆ ಆಳ ಸಾಲದು. ಸಣ್ಣ ಕೆಲಸ. “ಕೂತಿರಿ, ಈಗಲೇ ಕೆತ್ತಿ ಕೊಡ್ತೀನಿ” ಎಂದು ಅಕ್ಕ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು.

ಕಪ್ಪು ಪರದೆ. ಅದರ ಮೇಲೆ ಒಂದಷ್ಟು ಒರಟು ಬಿಳಿ ಅಕ್ಷರಗಳು, ಅಷ್ಟೆ. ಕಿವಿಯಿಲ್ಲ, ಚಿತ್ರವಿಲ್ಲ, ಬಾಣದ ಗುರುತೂ ಇಲ್ಲ. ಅಕ್ಕ ಆರಿಸಿ ಹಚ್ಚಿದರು, ಮತ್ತೆ ಅದೇ. ತೆರೆದ ಡ್ರೈವರು ಇದೆ, ಆದರೆ ಏಳುತ್ತಿಲ್ಲ; ಮುಚ್ಚಿದ್ದನ್ನು ಮತ್ತೆ ಇಳಿಸಿಕೊಳ್ಳೋಣವೆಂದರೆ ಪರದೆ ಏಳದೆ ಇಂಟರ್ನೆಟ್ಟೂ ಸಿಗುತ್ತಿಲ್ಲ. ಆದೇಶದ ಮೇಲೆ ಆದೇಶ ಕೊಟ್ಟು, ಬಂದ ಉತ್ತರಗಳನ್ನು ಓದುತ್ತ ಹೋದರು. ಟೀಚರಮ್ಮ ಕನ್ನಡಕವನ್ನು ಕೈಯಲ್ಲಿ ಹಿಡಿದು ಅದರ ಕಡ್ಡಿ ಮಡಿಸುತ್ತ ಬಿಡಿಸುತ್ತ ಕೂತಿದ್ದರು. ಅದನ್ನು ನೋಡುತ್ತ ನಿಲ್ಲಲು ನನಗಾಗಲಿಲ್ಲ.

“ಅಕ್ಕ, ಮೇಣ ತಗೊಂಡು ಕೈಯಲ್ಲೇ ಕೆತ್ತಿಬಿಡಿ. ನಿಮ್ಮ ಕೈಗೆ ಒಂದು ಚಡಿ ಏನು ಮಹಾ? ಅದರ ಮೇಲೇ ಅಚ್ಚು ತೆಗೆಯೋಣ, ಸೋಮವಾರಕ್ಕೆ ಆಗುತ್ತೆ.”

“ಸೋಮವಾರಕ್ಕೆ ಆಗುತ್ತೆ. ಎರಡು ವರ್ಷ ಬಿಟ್ಟು?” ಅಕ್ಕ ತಲೆಯೆತ್ತಲಿಲ್ಲ. “ಫೈಲಲ್ಲಿ ಹಳೇ ಚಡೀನೇ ಇರುತ್ತೆ. ಆಗ ಇವರು ಮತ್ತೆ ದಾರ ಕಟ್ಕೋಬೇಕಾ?”

“ಆವಾಗಿನ ಮಾತು ಆವಾಗ.”

“ಮಧ್ಯಾಹ್ನದವರೆಗೆ ಬಿಡಿ ನನ್ನ. ಆಗಲಿಲ್ಲ ಅಂದ್ರೆ ಮೇಣ ನೀವೇ ಕಾಯಿಸಿ.”

ಹಟವೆಂದರೆ ಮುಖ ಬಿಗಿಯುವುದು, ಧ್ವನಿ ಏರುವುದು ಎಂದು ನಾವು ತಿಳಿದಿರುತ್ತೇವೆ. ಅಕ್ಕನ ಹಟ ಹಾಗಲ್ಲ. ಅದು ಬಂದಾಗ ಅವರು ಇನ್ನಷ್ಟು ನಿಧಾನವಾಗುತ್ತಿದ್ದರು. ಬಿಳಿ ಅಕ್ಷರಗಳ ಸಾಲುಗಳನ್ನು ಒಂದೊಂದಾಗಿ, ಬೆರಳಿಟ್ಟು, ತುಟಿಯಲ್ಲಾಡಿಸುತ್ತ ಓದಿದರು. ಒಂದು ಫೈಲು ತೆರೆದರು, ಮುಚ್ಚಿದರು; ಇನ್ನೊಂದು ತೆರೆದರು. ನಾನು ಒಂದು ಕಾಲಿನ ಬೆಲ್ಟನ್ನು ಮೂರು ಸಲ ತಪ್ಪಾಗಿ ಹೊಲಿದೆ. ಗೋಡೆಯ ಗಡಿಯಾರ ಹನ್ನೆರಡರ ಕಡೆ ಹತ್ತುತ್ತಿತ್ತು, ಮೇಣದ ಒಲೆಯನ್ನು ಹಚ್ಚಿಯೂಬಿಟ್ಟೆ.

ಟೀಚರಮ್ಮನಿಗೂ ಕೂತು ಬೇಸರವಾಗಿರಬೇಕು. ಎದ್ದು ಅಕ್ಕನ ಬೆನ್ನ ಹಿಂದೆ ಬಂದು, ಕನ್ನಡಕವನ್ನು ಎರಡೂ ಕೈಯಲ್ಲಿ ಕಣ್ಣಿಗೆ ಹಿಡಿದು ಪರದೆಯನ್ನು ನೋಡಿದರು. ಜೀವಮಾನವಿಡೀ ಮಕ್ಕಳ ಬರಹ ತಿದ್ದಿದ ಕಣ್ಣು ಅದು, ಸುಮ್ಮನೆ ಇರುತ್ತದೆಯೇ? “ಇದೊಂದು ಸಾಲು ಮಾತ್ರ ಕನ್ನಡದಲ್ಲಿದೆಯಲ್ಲ,” ಎಂದರು. “ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ‘ಸದ್ಯಕ್ಕೆ ನೀನು ಆಚೆ ಇರು’ ಅಂತ. ಯಾರಿಗೆ ಇದು?”

ಅಕ್ಕನ ಬೆರಳು ನಿಂತಿತು.

ಹಿಂದಿನ ದಿನ ಕೆತ್ತನೆಗೆ ಕೂರುವ ಮುಂಚೆ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದಾಗ ಎರಡೂ ಡ್ರೈವರುಗಳು ಒಟ್ಟಿಗೆ ಚಿಪ್ಪಿನ ಮೇಲೆ ಬಿದ್ದು ಪರದೆಯೆಲ್ಲ ಅದುರಿತ್ತು. ಅಕ್ಕ ಸಿಟ್ಟಿನಿಂದ, ತೆರೆದ ಡ್ರೈವರನ್ನು ಎಬ್ಬಿಸಕೂಡದೆಂದು ತಮ್ಮ ಕೈಯಾರೆ ಒಂದು ನಿಷೇಧ ಬರೆದು, ಅದರ ಪಕ್ಕದಲ್ಲಿ ಈ ಬುದ್ಧಿವಾದವನ್ನೂ ಸೇರಿಸಿ, ಕೆಲಸದ ಭರದಲ್ಲಿ ಮರೆತುಬಿಟ್ಟಿದ್ದರು. ಮುಚ್ಚಿದ ಡ್ರೈವರು ಕೂರುವಾಗ ತೆರೆದದ್ದರ ಮೇಲೆ ತಾನೂ ಹಾಕಿದ್ದ ನಿಷೇಧವನ್ನು ಹೋಗುವಾಗ ಮರ್ಯಾದೆಯಿಂದ ತೆಗೆದುಕೊಂಡೇ ಹೋಗಿತ್ತು. ಉಳಿದದ್ದು ಅಕ್ಕ ಹಾಕಿದ ಬೀಗ. ಒಬ್ಬನನ್ನು ಆಚೆ ಕಳಿಸಿ, ಇನ್ನೊಬ್ಬನಿಗೆ ಬಾಗಿಲು ತೆರೆಯದೆ, ಮನೆ ಯಾಕೆ ಖಾಲಿ ಎಂದು ಹುಡುಕುತ್ತಿದ್ದರು.

“ನನಗೇ,” ಎಂದರು ಅಕ್ಕ. ಆಮೇಲೆ ನಕ್ಕರು. ಕೋಟಿನ ತೋಳಿಗೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ಸಾಲನ್ನು ಅಳಿಸಿ ಮತ್ತೆ ಹಚ್ಚಿದಾಗ ಪರದೆ ಬೆಳಗಿತು, ಕಿವಿ ಬಂತು, ಮುಗ್ಗರಿಸುತ್ತ ತಿರುಗಿತು. ನಾನಂದುಕೊಂಡೆ, ಈಗ ಇವರು ಹಟಕ್ಕೆ ಬಿದ್ದು ಇದರಲ್ಲೇ ಕೆತ್ತುತ್ತಾರೆ, ಸಂಜೆಯಾಗುತ್ತದೆ. ಅಕ್ಕ ಒಂದು ಕ್ಷಣವೂ ಯೋಚಿಸದೆ ಮುಚ್ಚಿದ ಡ್ರೈವರನ್ನು ಮತ್ತೆ ಹಾಕತೊಡಗಿದರು. ನನ್ನ ಮುಖ ನೋಡಿ, “ಏನು ಹಾಗೆ ನೋಡ್ತೀರ? ಟೀಚರಮ್ಮನ ಕಿವಿಗಿಂತ ನನ್ನ ಹಟ ದೊಡ್ಡದಾ?” ಎಂದರು. ಊಟದ ಹೊತ್ತಿಗೆ ಚಡಿ ಆಳವಾಯಿತು. ಮತ್ತೊಂದು ಪರೀಕ್ಷೆಯ ಕಿವಿ ತೆಗೆದು ಕೂರಿಸಿದಾಗ ಟೀಚರಮ್ಮ ತಲೆ ಬಗ್ಗಿಸಿದರು, ಕೊಡವಿದರು, ಕೊನೆಗೆ ಚಿಕ್ಕ ಹುಡುಗಿಯ ಹಾಗೆ ಎರಡು ಸಲ ಕುಪ್ಪಳಿಸಿದರು. ಕನ್ನಡಕ ಜಗ್ಗಲಿಲ್ಲ. ಶನಿವಾರ ಸಿಲಿಕೋನು, ಬಣ್ಣ ಎಲ್ಲ ಮುಗಿದು, ಸೋಮವಾರ ಅವರು ದಾರವಿಲ್ಲದೆ ತರಗತಿಗೆ ಹೋದರು. ಶನಿವಾರ ಸಂಜೆ ಮನೆಗೆ ಹೊರಡುವ ಮುನ್ನ ಅಕ್ಕ ಮುಚ್ಚಿದ ಡ್ರೈವರನ್ನು ಕಿತ್ತುಹಾಕಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಕಿವಿಯಕ್ಕ ನಿವೃತ್ತರಾಗಿದ್ದಾರೆ. ಆ ಕೋಣೆಗೆ ಹೊಸಬರು ಬಂದಿದ್ದಾರೆ. ಯಂತ್ರ ಬೇರೆ, ತಂತ್ರಾಂಶ ಬೇರೆ, ಗಾಜಿನ ಬಾಗಿಲಿನಾಚೆ ಮೇಣದ ವಾಸನೆಯೂ ಇಲ್ಲ. ಹೋದ ತಿಂಗಳು ಟೀಚರಮ್ಮ ಬಂದಿದ್ದರು. ಕಿವಿಯ ಅಂಚು ಹರಿದಿತ್ತು. ಮನೆಯ ಬೀಗದ ಕೈಗಳ ಗೊಂಚಲಿನಿಂದ ಪೆನ್‌ಡ್ರೈವನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಅಕ್ಕನನ್ನು ಕಂಡೇ ಇರದ ಆ ಹೊಸ ತಂತ್ರಜ್ಞೆ ಅದನ್ನು ಸಿಕ್ಕಿಸಿದರು, ಕಿವಿ ತೆರೆದುಕೊಂಡಿತು. “ಹಿಂದೆ ಚಡಿ ಯಾಕೆ ಇಷ್ಟು ಆಳ? ಸ್ವಲ್ಪ ತುಂಬಿಸಿದರೆ ಚೆನ್ನಾಗಿ ಕಾಣುತ್ತೆ” ಎಂದವರು, ಫೈಲಿನ ಜೊತೆಗಿದ್ದ ಸಾಲನ್ನು ಓದಿ ಚಡಿಯನ್ನು ಹಾಗೆಯೇ ಬಿಟ್ಟರು. ‘ಟೀಚರಮ್ಮನ ಕನ್ನಡಕ ಭಾರ. ಚಡಿ ತುಂಬಬೇಡಿ.’

ಮುಚ್ಚಿದ್ದನ್ನು ಮುಟ್ಟುವುದೇ ಇಲ್ಲವೆಂದು ಶಪಥ ಮಾಡಿ ಕೂತವರನ್ನು ನಾನು ಕಂಡಿದ್ದೇನೆ. ಅವರ ವ್ರತ ಕೆಡುವುದಿಲ್ಲ, ಕೆಲಸ ಕೆಡುತ್ತದೆ. ಅನುಕೂಲವೆಂದು ಇಡೀ ಮನೆಯನ್ನೇ ಬಾಡಿಗೆಯವನಿಗೆ ಒಪ್ಪಿಸಿ ನೆಮ್ಮದಿಯಾಗಿರುವವರು ಇನ್ನೂ ಹೆಚ್ಚು. ನಾನೂ ಆ ಪಂಗಡದವನೇ. ಇವೆರಡರ ನಡುವೆ, ಬೇಕಾದಾಗ ಒಳಗೆ ಕರೆದು, ಕೆಲಸ ಮಾಡಿಸಿ, ಸಂಜೆ ಬಾಗಿಲವರೆಗೆ ಬಿಟ್ಟುಬರುವ ಶ್ರಮವನ್ನು ಬೇಸರವಿಲ್ಲದೆ ದಿನವೂ ಪಡುವ ಕೆಲವರಿರುತ್ತಾರೆ. ಅವರೊಡನೆ ಏಗುವುದು ಕಷ್ಟ. ಲಿಫ್ಟಿನಲ್ಲಂತೂ ಅವರ ಜೊತೆ ಹೋಗಲೇಬಾರದು. ಒಮ್ಮೊಮ್ಮೆ ತಾವೇ ಹಾಕಿದ ಬೀಗವನ್ನು ತಾವೇ ಮರೆಯುವವರೂ ಅವರೇ. ಆದರೆ ಅವರು ಎದ್ದುಹೋದ ಮೇಲೆ ಯಾರ ಕಿವಿಯೂ ಒಳಗೆ ಸಿಕ್ಕಿಹಾಕಿಕೊಂಡಿರುವುದಿಲ್ಲ. ಏಕೆಂದರೆ ಇಂಥವರು ಹೋಗುವಾಗ ಕೀಲಿಕೈಯನ್ನು ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗುವುದಿಲ್ಲ.