ಎರಡು ಸಲ ಎಣಿಸಿದ ಗೆರೆ

ತಂಗಿ ನನಗಿಂತ ಜಾಣೆ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು ಲೆಕ್ಕದ ಮೇಷ್ಟ್ರಾದವನು ನಾನು. ಅದೇ ವಿಷಯವನ್ನು ಅವಳು ಕೈಗೆತ್ತಿಕೊಂಡಾಗ ನನಗೆ ಹೊಟ್ಟೆ ಉರಿಯಿತು. ಬಾಯಲ್ಲಿ ಮಾತ್ರ, "ಬರೆದದ್ದೆಲ್ಲ ತೋರ್ಸು, ನಾನು ನೋಡ್ಕೊಡ್ತೀನಿ" ಅಂದೆ.

ಅವಳ ಕೆಲಸ ಇಂಗಾಲದ ನ್ಯಾನೊ ಕೊಳವೆಗಳದ್ದು. ಪರಮಾಣುವಿಗೊಂದು ಚುಕ್ಕೆ, ಬಂಧಕ್ಕೊಂದು ಗೆರೆ. ಅವನ್ನು ಎಣಿಸಿ ಸೂತ್ರಕ್ಕೆ ಹಾಕಿದರೆ ಕೊಳವೆಯ ಗುಣವನ್ನು ಅಂದಾಜು ಮಾಡುವ ಒಂದು ಸಂಖ್ಯೆ ಸಿಗುತ್ತದೆ. ಕೊಳವೆಯನ್ನು ಕಾಗದದ ಮೇಲೆ ಬರೆಯಬೇಕಾದರೆ ಉದ್ದಕ್ಕೆ ಸೀಳಿ ಚಾಪೆಯಂತೆ ಹಾಸಬೇಕು. ಆಗ ಸೀಳಿದ ಕಡೆಯ ಗೆರೆಗಳು ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಕಾಣುತ್ತವೆ; ಎಣಿಸಬೇಕಾದದ್ದು ಒಂದೇ ಸಲ. ಜಾಣೆ ಎರಡು ಸಲ ಎಣಿಸಿದ್ದಳು! ಒಂಬತ್ತನೆಯ ಪುಟದ ಚಿತ್ರದಲ್ಲಿ ಆ ಗೆರೆಗಳಿಗೆ ಪೆನ್ಸಿಲಿನಿಂದ ಒತ್ತಿ ಸುತ್ತು ಹಾಕಿದೆ. ಅಷ್ಟರಲ್ಲಿ ಅಪ್ಪನ ಮಾತು ನೆನಪಾಯಿತು. ರಬ್ಬರ್ ತೆಗೆದು ಅಳಿಸಿದೆ.

"ಹೇಗಿದೆ ಅಣ್ಣಾ?"

"ಒಂದೂ ತಪ್ಪಿಲ್ಲ."

ನಾಲ್ಕು ವರ್ಷ ಅದೇ ಎಣಿಕೆಯ ಮೇಲೆ ಕೋಷ್ಟಕದ ಮೇಲೆ ಕೋಷ್ಟಕ ಕಟ್ಟಿದಳು. ಅವಳ ಗೈಡು ಸಹಿ ಹಾಕುವುದೊಂದೇ ಗೊತ್ತಿದ್ದ ಪುಣ್ಯಾತ್ಮ. ಪದವಿ ಕೈಗೆ ಬಂದರೆ ಕಾಲೇಜಿನಲ್ಲಿ ಕೆಲಸವೂ ಕಾದಿತ್ತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ಹೆಚ್ಚು ಮಾತಾಡಲಿಲ್ಲ. ಪ್ರಬಂಧದಲ್ಲಿದ್ದ ಅದೇ ಚಿತ್ರದ ಪ್ರತಿಯನ್ನು ಸುರುಳಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಹಿಡಿದರು.

"ಈ ಗೆರೆನೂ ಆ ಗೆರೆನೂ ಒಂದೇ ಅಲ್ವೇನಮ್ಮಾ?"

ತಂಗಿ ಆ ಸುರುಳಿಯನ್ನೇ ನೋಡುತ್ತಾ ನಿಂತಳು. ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಪದವಿ ಇಲ್ಲ, ಕೆಲಸವೂ ಇಲ್ಲ. ಹಿಂದಿನ ಸಾಲಿನಲ್ಲಿದ್ದ ನನಗೆ ಹಾಲು ಕುಡಿದಷ್ಟು ಸಂತೋಷ.

ಮನೆಗೆ ಬಂದ ಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು. "ನಿನ್ನ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ನನಗೆಲ್ಲಿ ಗೊತ್ತಾಗ್ಬೇಕು? ನೀನು ಬೇಜಾರು ಮಾಡ್ಕೋಬೇಡ." ಹಾಗೆನ್ನುತ್ತಲೇ ನಾನು ನೋಡಿಕೊಟ್ಟಿದ್ದ ಹಳೆಯ ಕರಡಿನ ಒಂಬತ್ತನೆಯ ಪುಟ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಸುತ್ತು ಅಳಿಸಿಹೋಗಿತ್ತು, ಒತ್ತಿದ ಗುರುತು ಹಾಗೇ ಇತ್ತು. ಅದರ ಮೇಲೆ ಬೆರಳಾಡಿಸಿದಳು.

"ಇದನ್ನ ಯಾವಾಗ ಹಾಕ್ದೆ?"

ಸುಳ್ಳು ಹೇಳಬಹುದಿತ್ತು. ಆದರೆ ಗೆದ್ದದ್ದು ಒಬ್ಬರಿಗೂ ತಿಳಿಯದಿದ್ದರೆ ಗೆದ್ದು ಬಂದ ಭಾಗ್ಯವೇನು?

"ನೀನು ಕೊಟ್ಟ ದಿನಾನೇ" ಅಂದೆ.

ಅಪ್ಪ ಊಟಕ್ಕೆ ಕರೆದರು. ಅವಳು ಬರಲಿಲ್ಲ. ಅವತ್ತು ಅಪ್ಪ ಯಾರ ಜಾಣತನದ ಮಾತೂ ಎತ್ತಲಿಲ್ಲ. ನಾನು ಎರಡನೇ ಸಲ ಬಡಿಸಿಕೊಂಡೆ.