ಸೈಟಿಗಾಗಿ ಬಿಟ್ಟ ಗಂಡ

ಜಡ್ಜ್ ಜಯಸಿಂಹರಿಗೆ ತಮ್ಮ ಮೇಲೆ ಸ್ವಲ್ಪ ಹೆಮ್ಮೆಯಿತ್ತು. ಇದ್ದರೆ ತಪ್ಪೇನು ಬಿಡಿ. ಮುನ್ಸೀಫರಾಗಿ ಶುರುಮಾಡಿ, ಊರೂರಿನ ನೀರು ಕುಡಿದು, ಸೇವೆಯ ಇಪ್ಪತ್ತೆಂಟನೆಯ ವರ್ಷಕ್ಕೆ ಬೆಂಗಳೂರಿನ ಹೊಸ ಕೌಟುಂಬಿಕ ನ್ಯಾಯಾಲಯಕ್ಕೆ ಬಂದವರು. ಅಲ್ಲಿ ವಕೀಲರನ್ನು ದೂರವಿಟ್ಟು ಗಂಡಹೆಂಡಿರನ್ನು ತಾವೇ ಮಾತಾಡಿಸುತ್ತಿದ್ದರು. ಮುಖ ನೋಡಿದರೆ ಸಾಕು, ಸುಳ್ಳು ಗೊತ್ತಾಗಿಬಿಡುತ್ತದೆ ಎಂದು ಜೊತೆಯವರ ಮುಂದೆ ಹೇಳಿಕೊಳ್ಳುತ್ತಿದ್ದರು. ನಿವೃತ್ತಿಗೆ ಇನ್ನೆರಡು ತಿಂಗಳಿತ್ತು.

೧೯೮೯ರ ಒಂದು ಭಾನುವಾರ ಬೆಳಿಗ್ಗೆ, ವೈಟ್‌ಫೀಲ್ಡಿನ ಅವರ ಮನೆಯ ಗೇಟಿನಲ್ಲಿ ಒಬ್ಬ ಬಸುರಿ ಬಂದು ನಿಂತಳು. ಚಿಕ್ಕಬಾಣಾವರದ ಕಡೆಯಿಂದ ಮೂರು ಬಸ್ಸು ಬದಲಾಯಿಸಿ ಬಂದಿದ್ದಳಂತೆ.

"ನಾನು ಅಂಜಿನಮ್ಮ, ಸ್ವಾಮಿ. ಕಳೆದ ವರ್ಸ ನಂಗೂ ನನ್ ಗಂಡ ಶ್ಯಾಮಣ್ಣಂಗೂ ನೀವೇ ಬಿಡುಗಡೆ ಕೊಟ್ರಿ. ಆ ಕಾಗ್ದ ವಜಾ ಮಾಡ್ಬೇಕು."

ಜಯಸಿಂಹರಿಗೆ ನೆನಪಾಯಿತು. ಇಬ್ಬರೂ ಒಪ್ಪಿ ಹಾಕಿದ ಅರ್ಜಿ. ಇವನ ಜೊತೆ ಬಾಳೋಕಾಗಲ್ಲ ಎಂದು ಇವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆ ಅಳು ನಂಬಿಯೇ ಅವರು ಸಹಿ ಹಾಕಿದ್ದು.

"ಮತ್ತೆ ಒಂದಾಗಿದ್ದೀರೇನಮ್ಮ? ಹಾಗಿದ್ರೆ ಇನ್ನೊಂದ್ಸಲ ಮದುವೆ ಆದ್ರಾಯ್ತು."

"ಒಂದಾಗಕ್ಕೆ ನಾವ್ ಬೇರೆ ಎಲ್ಲಾಗಿದ್ವಿ ಸ್ವಾಮಿ? ನಮ್ ಜಮೀನು ಫ್ಯಾಕ್ಟ್ರಿಗೋಯ್ತು. ಅದ್ರ ಬದ್ಲಿಗೆ ಸರ್ಕಾರ್ದೋರು ಒಂದು ಸಂಸಾರಕ್ಕೆ ಒಂದೇ ಸೈಟು ಅಂದ್ರು. ಕೋರ್ಟ್‌ನಾಗೆ ಬೇರೆ ಆದ್ರೆ ಎಲ್ಡು ಸಂಸಾರ, ಎಲ್ಡು ಸೈಟು ಅಂತ ಬ್ರೋಕರ್ ಹನುಮಯ್ಯ ಯೋಳಿಕೊಟ್ಟ. ಏನ್ ಮಾತಾಡ್ಬೇಕು, ಎಲ್ಲಿ ಅಳಬೇಕು, ಎಲ್ಲಾ ಅವ್ನೇ ಕಲಿಸಿದ್ದು. ಅವತ್ತು ಇಬ್ರೂ ಒಂದೇ ಬಸ್ಸಾಗೆ ಮನೆಗೋಗಿ ಪಾಯ್ಸ ಮಾಡ್ಕೊಂಡ್ ತಿಂದ್ವಿ."

ಬಾಯಿಪಾಠದ ಅಳು ಜಯಸಿಂಹರ ಕಣ್ಣಿಗೇ ಮಣ್ಣೆರಚಿತ್ತು. ಇಂಥವು ಇನ್ನೆಷ್ಟಕ್ಕೆ ಸಹಿ ಹಾಕಿದ್ದೇನೋ ಎಂದು ಹೆದರಿಕೆಯಾಯಿತು.

"ಎಲ್ಲಿ ನಿನ್ನ ಗಂಡ?"

"ಮೊನ್ನೆ ಮಾಗಡಿ ಕಡೆ ಹುಡ್ಗೀನ ಕಟ್ಕೊಂಡ. ಪೊಲೀಸ್ನೋರ ತಾವ ಓಡ್ದೆ. ಅವ್ನು ನಿಮ್ ಕಾಗ್ದ ತೋರ್ಸಿದ. ಅವನ್ದೇನೂ ತಪ್ಪಿಲ್ಲ ಹೋಗಮ್ಮ ಅಂದ್ರು. ನೀವ್ ಬರೆದಿದ್ದು, ನೀವೇ ಹೊಡೆದಾಕಿ ಸ್ವಾಮಿ. ಮಗೀಗೆ ಅಪ್ಪ ಬೇಕು."

ಗದರಬೇಕು ಎನಿಸಿತು, ಆಗಲಿಲ್ಲ.

"ನೀನೇ ಒಪ್ಪಿ ಸಹಿ ಹಾಕಿದ್ದೀಯ ತಾಯಿ. ಅವನಿಗೆ ಈಗ ಬೇರೆ ಮದುವೆಯೂ ಆಗಿದೆ. ನನ್ನ ಕೈಲಿ ಏನೂ ಉಳಿದಿಲ್ಲ."

ಅವಳು ಅಳಲಿಲ್ಲ. ಲೆಕ್ಕಾಚಾರ ತಪ್ಪಿದವಳ ಹಾಗೆ ಮೆಲ್ಲಗೆ ಕೇಳಿದಳು.

"ಅಂಗಾರೆ ಈ ಒಂದ್ ವರ್ಸ ನಾನು ಅವ್ನಿಗೆ ಏನಾಗಿದ್ದೆ ಸ್ವಾಮಿ?"

ಅದಕ್ಕೆ ಕಾನೂನಿನಲ್ಲಿ ಒಂದು ಪದವಿತ್ತು, ಉಪಪತ್ನಿ. ಎಷ್ಟೋ ತೀರ್ಪುಗಳಲ್ಲಿ ಜಯಸಿಂಹರು ಅದನ್ನು ಸಲೀಸಾಗಿ ಬರೆದಿದ್ದರು. ಈಗ ಅವಳ ಮುಖ ನೋಡಿಕೊಂಡು ಹೇಳಲು ಅವರಿಗೆ ಬಾಯೇ ಬರಲಿಲ್ಲ.